ಗಾಲೆ, ಡೋಮ್, ಲಾಲೀಕ್: ಹಳೆಯ ಫ್ರೆಂಚ್ ಗಾಜಿನಲ್ಲಿ ಮೊದಲು ಯಾವುದನ್ನು ಕೊಳ್ಳಬೇಕು?

ಗಾಲೆ, ಡೋಮ್, ಲಾಲೀಕ್ ಎಂದರೆ ಸುಮಾರು ನೂರು ವರ್ಷದ ಹಿಂದಿನ ಫ್ರಾನ್ಸಿನ ಮೂರು ಹೆಸರಾಂತ ಗಾಜಿನ ಮನೆಗಳು. ನಾನು ಕೊಂಡ ಮೊದಲ ಗಾಲೆ ಹೂದಾನಿ ಗಾಲೆಯದಾಗಿರಲಿಲ್ಲ. ಪ್ಯಾರಿಸ್‌ನ ಹೊರವಲಯದ ಹಳೇ ಸಾಮಾನಿನ ಸಂತೆಯೊಂದರಲ್ಲಿ ಅದು ಕಣ್ಣಿಗೆ ಬಿದ್ದಿತ್ತು. ಗೇಣುದ್ದದ ಮಬ್ಬು ಹಳದಿ ಮೈ, ಮೇಲೆ ಉಬ್ಬಿ ನಿಂತ ನೇರಳೆ ಹೂಗಳು, ದಂಟಿನ ಪಕ್ಕದಲ್ಲಿ ಉಬ್ಬಕ್ಷರದ ಸಹಿ. ಅರ್ಧ ಗಂಟೆ ಚೌಕಾಸಿ ಮಾಡಿ, ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ಸ್ವೆಟರಿನೊಳಗೆ ಸುತ್ತಿ ಬೆಂಗಳೂರಿಗೆ ತಂದೆ. ಇಲ್ಲಿ ಮೇಜಿನ ದೀಪದ ಕೆಳಗೆ ತಿರುಗಿಸಿ ನೋಡುವಾಗ ಸಹಿಯ ಪಕ್ಕದಲ್ಲಿ ಕಡಲೆಬೀಜದಷ್ಟು ಜಾಗ ಮಾತ್ರ ಉಳಿದ ಮೈಗಿಂತ ನುಣುಪಾಗಿತ್ತು. ಅಲ್ಲಿದ್ದ ಏನನ್ನೋ ಯಾರೋ ಉಜ್ಜಿ ತೆಗೆದಿದ್ದರು. ಏನನ್ನು ಎಂಬುದು ಆಮೇಲೆ ತಿಳಿಯಿತು. ರುಮೇನಿಯಾದ ಗಾಜಿನ ಕಾರ್ಖಾನೆಗಳು ಗಾಲೆ ಶೈಲಿಯ ಹೂದಾನಿಗಳನ್ನು ಮಾಡಿ, ಸಹಿಯ ಜೊತೆಗೆ ‘ಟಿಪ್’ ಎಂಬ ಪದವನ್ನೂ ಇಟ್ಟು ಮಾರಿದ್ದವು. ಅಲ್ಲಿನ ಭಾಷೆಯಲ್ಲಿ ಅದಕ್ಕೆ ‘ಮಾದರಿ’ ಎಂದರ್ಥ. ಮಾಡಿದವರು ಮುಚ್ಚಿಟ್ಟಿರಲಿಲ್ಲ. ಕೈಯಿಂದ ಕೈಗೆ ಹೋಗುವಾಗ ಆ ಒಂದು ಪದ ಸಾಣೆಗೆ ಸಿಕ್ಕಿ ಮಾಯವಾಗುತ್ತದೆ, ಬೆಲೆ ಹಲವು ಪಟ್ಟು ಏರುತ್ತದೆ.

ಈ ಗಾಜಿನ ಹುಚ್ಚು ಹಿಡಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಗಾಲೆ ಮೇಲೋ, ಡೋಮ್ ಮೇಲೋ, ಲಾಲೀಕ್ ಮೇಲೋ? ಪೆಟ್ಟು ತಿಂದ ಮೇಲೆ ನನ್ನ ಅಳತೆಗೋಲು ಬದಲಾಗಿದೆ. ಹತ್ತಿರದಲ್ಲಿ ತಜ್ಞರಿಲ್ಲ, ಕೈಯಲ್ಲಿರುವುದು ಒಂದು ಭೂತಗನ್ನಡಿ, ಒಂದು ಟಾರ್ಚು. ಇಷ್ಟರಲ್ಲೇ ಯಾವುದನ್ನು ಹೆಚ್ಚು ನಂಬಿಕೆಯಿಂದ ಒರೆಗೆ ಹಚ್ಚಬಹುದು? ಮುಂದಿನ ಹೋಲಿಕೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಅಂದದ ವಿಚಾರದಲ್ಲಿ ನಿಮ್ಮ ಕಣ್ಣು ನಿಮಗೆ, ನನ್ನದು ನನಗೆ.

ಗಾಲೆ: ಒಂದು ಸಹಿ, ಮೂರು ಅರ್ಥ

ಎಮಿಲ್ ಗಾಲೆ (1846–1904) ಈಶಾನ್ಯ ಫ್ರಾನ್ಸಿನ ನಾನ್ಸಿ ಪಟ್ಟಣದವನು. ತಂದೆಯದು ಪಿಂಗಾಣಿ ಮತ್ತು ಗಾಜಿನ ವ್ಯಾಪಾರ, ಮಗನಿಗೆ ಅದರ ಜೊತೆಗೆ ಸಸ್ಯಶಾಸ್ತ್ರದ ಗೀಳು. ತನ್ನ ಕಾರ್ಯಾಗಾರದ ಬಾಗಿಲ ಮೇಲೆ ‘ನನ್ನ ಬೇರು ಕಾಡಿನ ಆಳದಲ್ಲಿದೆ’ ಎಂದು ಕೆತ್ತಿಸಿಕೊಂಡವನು. ಅವನ ಹೂದಾನಿಯ ಮೇಲಿನ ಎಲೆಯನ್ನು ನೋಡಿ ಗಿಡದ ಜಾತಿಯನ್ನು ಹೇಳಬಹುದು. ನಕಲಿಗಳಲ್ಲಿ ಕಾಣುವುದು ಬರೀ ‘ಹೂವು’. ಯಾವ ಗಿಡದ್ದೆಂದು ಕೇಳಿದರೆ ಉತ್ತರವಿಲ್ಲ. ನನ್ನ ನೇರಳೆ ಹೂವಿಗೂ ಇದುವರೆಗೆ ಹೆಸರು ಸಿಕ್ಕಿಲ್ಲ.

ಸಂತೆ, ಹರಾಜುಗಳಲ್ಲಿ ಹೆಚ್ಚಾಗಿ ಕಾಣುವುದು ಅವನ ಪದರಗಾಜು. ಒಂದು ಬಣ್ಣದ ಬಿಸಿ ಗಾಜಿನ ಮೇಲೆ ಇನ್ನೊಂದು ಬಣ್ಣದ್ದನ್ನು ಹೊದಿಸಿ ಊದುತ್ತಾರೆ. ಎರಡು, ಮೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಪದರ. ತಣಿದ ಮೇಲೆ ಚಿತ್ರ ಉಳಿಯಬೇಕಾದ ಕಡೆ ಡಾಂಬರಿನಂಥ ಲೇಪ ಹಚ್ಚಿ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದುತ್ತಾರೆ. ಲೇಪವಿಲ್ಲದ ಭಾಗವನ್ನು ಆಮ್ಲ ತಿನ್ನುತ್ತದೆ, ಚಿತ್ರ ಉಬ್ಬಿ ನಿಲ್ಲುತ್ತದೆ. ಹೀಗೆ ಮತ್ತೆ ಮತ್ತೆ ಮಾಡಿದಾಗ ಒಂದೇ ಎಲೆಯಲ್ಲಿ ದಟ್ಟ ಕಂದಿನಿಂದ ತೆಳು ಹಸಿರಿನವರೆಗೆ ಛಾಯೆಗಳು ಮೂಡುತ್ತವೆ. ಒಳ್ಳೆಯ ಕೆಲಸಕ್ಕೆ ಕೊನೆಯಲ್ಲಿ ಸಾಣೆಚಕ್ರದ ಕೈಕೆತ್ತನೆಯೂ ಸೇರುತ್ತದೆ. ಹಿಂದಿನಿಂದ ಟಾರ್ಚು ಹಿಡಿದರೆ ಎಷ್ಟು ಪದರ ಇವೆ, ಛಾಯೆ ನಿಧಾನವಾಗಿ ಕರಗುತ್ತದೆಯೋ ಅಥವಾ ಕತ್ತರಿಸಿ ಅಂಟಿಸಿದ ಕಾಗದದಂತೆ ಥಟ್ಟನೆ ನಿಲ್ಲುತ್ತದೆಯೋ ಕಾಣುತ್ತದೆ. ಎರಡನೆಯದಾದರೆ, ಅಸಲಿಯೇ ಆಗಿದ್ದರೂ ಅಗ್ಗದ ಸಾಲಿನದು.

ಹೊಸಬರು ಎಡವುವುದು ಇಲ್ಲೇ. ‘ಗಾಲೆ’ ಎಂಬ ಸಹಿ ಮೂರು ಬೇರೆ ಬೇರೆ ಸರಕಿನ ಮೇಲಿದೆ. ಒಂದು, ಅವನು ತಾನೇ ಮುಂದೆ ನಿಂತು ಮಾಡಿಸಿದ ಬಿಡಿ ಕೃತಿಗಳು. ಇವು ವಸ್ತುಸಂಗ್ರಹಾಲಯಗಳಿಗೆ ಸೇರಿದವು, ನಮ್ಮ ಹಾಸಿಗೆಗೆ ದಕ್ಕುವಂಥವಲ್ಲ. ಎರಡು, ಅವನ ಕಾಲದಲ್ಲೇ, 1894ರಲ್ಲಿ ನಾನ್ಸಿಯಲ್ಲಿ ತೆರೆದ ಸ್ವಂತ ಗಾಜಿನ ಕಾರ್ಖಾನೆಯಿಂದ ಹೊರಬಂದ ಸಾಲು ಸರಕು, ಅಂದರೆ ಒಂದೇ ನಮೂನೆಯಲ್ಲಿ ಹಲವು ಮಾಡಿದ್ದು. ಮೂರು, 1904ರಲ್ಲಿ ಅವನು ತೀರಿಕೊಂಡ ನಂತರದ್ದು. ಹೆಂಡತಿ ಆಂರಿಯೆಟ್, ಆಮೇಲೆ ಅಳಿಯ ಸಂಸ್ಥೆಯನ್ನು ನಡೆಸಿದರು. 1930ರ ದಶಕದವರೆಗೂ ಅದೇ ಹೆಸರಿನಲ್ಲಿ ಗಾಜು ತಯಾರಾಯಿತು. ಸಾವಿನ ನಂತರದ ಕೆಲವು ವರ್ಷ ಸಹಿಯ ಜೊತೆಗೆ ಒಂದು ಪುಟ್ಟ ನಕ್ಷತ್ರವನ್ನು ಸೇರಿಸುತ್ತಿದ್ದರು. ಮುಂದೆ ಅದೂ ಹೋಯಿತು, ಹಾಗಾಗಿ ನಕ್ಷತ್ರವಿಲ್ಲ ಎಂದ ಮಾತ್ರಕ್ಕೆ ಅವನ ಕಾಲದ್ದು ಎಂದು ಹಿಗ್ಗಬೇಡಿ.

ಮೂರನೆಯ ಬಗೆ ನಕಲಿಯಲ್ಲ. ಪ್ಲಮ್ ಹಣ್ಣುಗಳು ಉಬ್ಬಿ ನಿಂತ, ಅಚ್ಚಿನಲ್ಲಿ ಊದಿದ ದೊಡ್ಡ ಹೂದಾನಿಗಳು ಆ ಕೊನೆಯ ಕಾಲದವೇ, ಅವುಗಳಿಗೆ ಇಂದು ಭಾರಿ ಬೆಲೆಯಿದೆ. ಆದರೆ ‘ಸಾವಿರದ ಎಂಟುನೂರ ತೊಂಬತ್ತರದು ಸಾರ್, ಸ್ವತಃ ಗಾಲೆಯದೇ’ ಎಂದು ಹೇಳಿ 1920ರ ಎರಡು ಪದರದ ಸಾಧಾರಣ ಹೂದಾನಿಯನ್ನು ಮಾರಲು ಬಂದರೆ ಬೆಲೆ ಇಳಿಸಿ ಕೇಳುವ ಹಕ್ಕು ನಿಮ್ಮದು. ಇನ್ನೊಂದು ತೊಡಕು: ಗಾಲೆ ತನ್ನ ಸಹಿಯನ್ನು ಒಂದೇ ರೀತಿ ಹಾಕಿದವನಲ್ಲ. ಜಪಾನಿನ ಬರವಣಿಗೆಯಂತೆ ಮೇಲಿನಿಂದ ಕೆಳಕ್ಕೆ, ಎಲೆಯ ಮರೆಯಲ್ಲಿ, ತಳದಲ್ಲಿ, ಹತ್ತಾರು ಬಗೆ. ಆದ್ದರಿಂದ ಸಹಿಯ ಆಕಾರ ನೋಡಿ ತೀರ್ಪು ಕೊಡಲು ಬಹಳ ವರ್ಷಗಳ ಅಭ್ಯಾಸ ಬೇಕು. ಒರೆಗೆ ಹಚ್ಚುವುದು ಕಷ್ಟ, ನಕಲಿ ಹೇರಳ. ಮೊದಲ ಖರೀದಿಗೆ ಗಾಲೆ ಬೇಡ ಎನ್ನುವುದು ಇದಕ್ಕೇ.

ಡೋಮ್: ನೋಟರಿಯ ಮಕ್ಕಳ ಗಾಜು

ಅದೇ ನಾನ್ಸಿಯಲ್ಲಿ, ಗಾಲೆಯ ಕಣ್ಣೆದುರಿಗೇ ಬೆಳೆದ ಮನೆತನ ಡೋಮ್. 1871ರಲ್ಲಿ ಅಲ್ಸಾಸ್ ಮತ್ತು ಲೊರೇನಿನ ಒಂದು ಭಾಗ ಜರ್ಮನಿಯ ಕೈಸೇರಿದಾಗ ಬಿಚ್ ಎಂಬ ಊರಿನ ನೋಟರಿ ಜಾನ್ ಡೋಮ್ ಫ್ರಾನ್ಸಿನಲ್ಲೇ ಉಳಿಯುವ ಹಟದಿಂದ ಗಡಿ ದಾಟಿ ಬಂದ. ಗಾಜಿನ ಕಾರ್ಖಾನೆಯೊಂದಕ್ಕೆ ಕೊಟ್ಟ ಸಾಲ ವಾಪಸು ಬರದೆ, 1878ರಲ್ಲಿ ಕಾರ್ಖಾನೆಯೇ ಅವನ ಕೊರಳಿಗೆ ಬಿತ್ತು. ಕೈಗಡಿಯಾರದ ಗಾಜು, ಕುಡಿಯುವ ಲೋಟ ಮಾಡುತ್ತಿದ್ದ ಅದನ್ನು ಮಕ್ಕಳಾದ ಓಗ್ಯುಸ್ತ್ ಮತ್ತು ಆಂತೊನಾಂ ಕಲೆಯ ಗಾಜಿನ ಕಡೆಗೆ ತಿರುಗಿಸಿದರು. 1900ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ಅತ್ಯುನ್ನತ ಬಹುಮಾನವೂ ಬಂತು. ಸಹಿಯಲ್ಲಿ ‘ಡೋಮ್ ನಾನ್ಸಿ’ ಎಂದಿದ್ದು, ಜೊತೆಗೆ ಎರಡು ಅಡ್ಡಪಟ್ಟಿಯ ಲೊರೇನ್ ಶಿಲುಬೆ ಇರುತ್ತದೆ. ಕಳೆದುಕೊಂಡ ನೆಲದ ನೆನಪು ಅದು.

ಕೈಯಲ್ಲಿ ಹಿಡಿದಾಗ ಗಾಲೆಗೂ ಡೋಮ್‌ಗೂ ಇರುವ ವ್ಯತ್ಯಾಸ ಬೇಗ ತಿಳಿಯುತ್ತದೆ. ಗಾಲೆಯಲ್ಲಿ ಬಣ್ಣ ಈರುಳ್ಳಿಯ ಸಿಪ್ಪೆಯಂತೆ ಪದರ ಪದರ. ಡೋಮ್‌ನಲ್ಲಿ ಬಿಸಿ ಗಾಜಿನ ಉಂಡೆಯನ್ನು ಬಣ್ಣದ ಗಾಜಿನ ಪುಡಿಯ ಮೇಲೆ ಹೊರಳಿಸುತ್ತಾರೆ; ಪುಡಿ ಕರಗಿ ಮೈಗೆ ಕೂಡಿಕೊಂಡು ಹಳದಿ, ಕಿತ್ತಳೆ, ನೇರಳೆಗಳು ಒಂದರೊಳಗೊಂದು ಹರಡುತ್ತವೆ, ಹೋಳಿಯ ಮರುದಿನದ ಬಿಳಿ ಅಂಗಿಯಂತೆ. ಆ ಹಿನ್ನೆಲೆಯ ಮೇಲೆ ಆಮ್ಲದ ಕೊರೆತ, ಮೇಲೆ ಎನಾಮೆಲ್ ಲೇಪದ ಬಣ್ಣ. ಹಿಮ ಬಿದ್ದ ಬೋಳುಮರಗಳು, ಓರೆಯಾಗಿ ಸುರಿಯುವ ಮಳೆಗೆ ಬಾಗಿದ ಮರಗಳು ಡೋಮ್‌ನ ಹೆಸರಾಂತ ಚಿತ್ರಗಳು. ಮಳೆಯ ಹೂದಾನಿಯಲ್ಲಿ ಗಾಜಿನ ಮೈಮೇಲೆ ಸಾವಿರಾರು ಓರೆಗೀರು ಎಳೆದಿರುತ್ತಾರೆ. ಆಗುಂಬೆಯ ಮಳೆ ಕಂಡವರಿಗೆ ಅದರ ಮುಂದಿನಿಂದ ಏಳಲು ಮನಸ್ಸಾಗುವುದಿಲ್ಲ.

ಒರೆಗೆ ಹಚ್ಚಲು ಡೋಮ್ ಗಾಲೆಗಿಂತ ಸ್ವಲ್ಪ ಸುಲಭ. ಪುಡಿಗಾಜಿನ ಹಿನ್ನೆಲೆಯನ್ನು ಅಗ್ಗವಾಗಿ ನಕಲು ಮಾಡುವುದು ಕಷ್ಟ. ನಕಲಿಗಳಲ್ಲಿ ಬಣ್ಣ ಗಾಜಿನ ಒಳಗಿರದೆ ಹೊರಮೈಗೆ ಬಳಿದಂತೆ ಕಾಣುತ್ತದೆ, ಉಗುರಿಗೂ ಸಿಗುತ್ತದೆ. ಅಸಲಿಯಲ್ಲಿ ನೋಡಬೇಕಾದದ್ದು ಲೇಪದ ಸವೆತ: ಎಲೆಯ ಅಂಚಿನಲ್ಲಿ ಬಣ್ಣ ಉದುರಿದ್ದರೆ ಬೆಲೆ ಇಳಿಯಬೇಕು, ಹೊಸದಾಗಿ ತುಂಬಿದ್ದರೆ ಇನ್ನೂ ಇಳಿಯಬೇಕು.

ನನ್ನ ಮೆಚ್ಚಿನ ಡೋಮ್ ಇವುಗಳಲ್ಲಿ ಯಾವುದೂ ಅಲ್ಲ. 1920–30ರ ದಶಕದಲ್ಲಿ ಅವರು ಒಂದೇ ಬಣ್ಣದ ದಪ್ಪ ಗಾಜನ್ನು ಆಮ್ಲದಲ್ಲಿ ಆಳವಾಗಿ ಕೊರೆದು, ಗೆರೆ, ವೃತ್ತ, ಏಣಿಯಂಥ ಚಿತ್ತಾರದ ಹೂದಾನಿಗಳನ್ನು ಮಾಡಿದರು. ಹೂವಿಲ್ಲ, ಚಿಟ್ಟೆಯಿಲ್ಲ, ಎರಡು ಕೈಯಲ್ಲೂ ಎತ್ತಬೇಕಾದ ಭಾರ. ಹೂಬಳ್ಳಿಯ ಕಾಲದ್ದನ್ನು ಹುಡುಕುವವರು ಇವುಗಳತ್ತ ತಿರುಗಿಯೂ ನೋಡುವುದಿಲ್ಲವಾದ್ದರಿಂದ ಎಷ್ಟೋ ಸಲ ಅದೇ ಗಾತ್ರದ ಹಿಮದ ಹೂದಾನಿಗಿಂತ ಕಡಿಮೆಗೆ ಸಿಗುತ್ತವೆ. ನಾನ್ಸಿಯ ಪೀಠೋಪಕರಣ ಕಲಾವಿದ ಲೂಯಿ ಮಜೋರೆಲ್‌ನ ಕಮ್ಮಟದ ಕಬ್ಬಿಣದ ಬಲೆಯೊಳಗೆ ಊದಿದ ಗಾಜೂ ಇದೇ ಕಾಲದ್ದು. ‘ಡೋಮ್ ಫ್ರಾನ್ಸ್’ ಎಂಬ ಸಹಿಯ ತಿಳಿ ಹರಳುಗಾಜಿನ (ಕ್ರಿಸ್ಟಲ್) ವಸ್ತುಗಳು ಮಾತ್ರ ಎರಡನೇ ಮಹಾಯುದ್ಧದ ನಂತರದವು. ಅಂದವಾಗಿರಬಹುದು, ಪುರಾತನವಲ್ಲ.

ಲಾಲೀಕ್: ಅಚ್ಚಿನ ಗಾಜು, ಪಟ್ಟಿಯ ಬಲ

ರೆನೆ ಲಾಲೀಕ್ (1860–1945) ಮೊದಲು ಒಡವೆ ಮಾಡುತ್ತಿದ್ದವನು. ಸುಗಂಧದ್ರವ್ಯದ ವ್ಯಾಪಾರಿ ಫ್ರಾಂಸ್ವಾ ಕೋತಿಗಾಗಿ ಸೀಸೆಗಳನ್ನು ರೂಪಿಸತೊಡಗಿದ ಮೇಲೆ ಗಾಜಿಗೆ ಹೊರಳಿದ. ಮೊದಲು ಪ್ಯಾರಿಸ್ ಸಮೀಪದ ಕೋಂಬ್-ಲಾ-ವೀಲ್, 1920ರ ದಶಕದಿಂದ ಅಲ್ಸಾಸಿನ ವಿಂಗೆನ್-ಸುರ್-ಮೋಡೆರ್. ಲಾಲೀಕ್ ಅಚ್ಚಿನಲ್ಲಿ ಒತ್ತಿದ ಅಥವಾ ಊದಿದ ಗಾಜು. ಒಂದೇ ರೂಪದ ಸಾವಿರಾರು ಪ್ರತಿಗಳು. ಇದನ್ನು ಕೊರತೆಯೆಂದು ಹೇಳುವವರಿದ್ದಾರೆ. ಹೊಸಬನಿಗೆ ಇದೇ ವರ. ಸಂಸ್ಥೆ 1932ರಲ್ಲಿ ತನ್ನ ಮಾದರಿಗಳನ್ನು ಕ್ರಮಸಂಖ್ಯೆಯ ಸಮೇತ ಪಟ್ಟಿಯಾಗಿ ಮುದ್ರಿಸಿತ್ತು, ಅದರ ಮರುಮುದ್ರಣ ಸಿಗುತ್ತದೆ. ಕೈಯಲ್ಲಿರುವ ಬಟ್ಟಲಿನ ಹೆಸರು, ಎತ್ತರ, ಸಂಖ್ಯೆಯನ್ನು ಪಟ್ಟಿಯ ಪಕ್ಕದಲ್ಲಿಟ್ಟು ನೋಡಬಹುದು. ಎತ್ತರ ಅರ್ಧ ಸೆಂಟಿಮೀಟರು ಕಡಿಮೆ ಬಂದರೆ ಚಕ್ಕೆ ಎದ್ದ ಅಂಚನ್ನು ಯಾರೋ ಸಾಣೆ ಹಿಡಿದಿದ್ದಾರೆ ಎಂದು ತಿಳಿಯುತ್ತದೆ. ಇಂಥ ಸೌಕರ್ಯ ಗಾಲೆಯಲ್ಲಿಲ್ಲ.

ಸಹಿಯ ನಿಯಮವೂ ಸರಳ: ರೆನೆ ಬದುಕಿರುವವರೆಗೆ ‘ಆರ್. ಲಾಲೀಕ್’, ಅವನು ತೀರಿಕೊಂಡ ಮೇಲೆ ಬರೀ ‘ಲಾಲೀಕ್ ಫ್ರಾನ್ಸ್’. ಈ ಒಂದಕ್ಷರಕ್ಕೆ ಇರುವ ಬೆಲೆಯ ಅಂತರವನ್ನು ಮೋಸಗಾರರೂ ಬಲ್ಲರು. ಯುದ್ಧಾನಂತರದ ಅಸಲಿ ವಸ್ತುವಿಗೇ ‘ಆರ್’ ಕೊರೆದು ಸೇರಿಸಿದ್ದುಂಟು. 1927ರ ‘ಬಾಕಾಂತ್’ ಹೂದಾನಿಯಂಥ ಕೆಲವು ರೂಪಗಳನ್ನು ಸಂಸ್ಥೆ ಇಂದಿಗೂ ತಯಾರಿಸುತ್ತಿರುವುದರಿಂದ ರೂಪ ನೋಡಿಯೂ ನಿರ್ಧರಿಸುವಂತಿಲ್ಲ. ಇಲ್ಲಿ ನೆರವಿಗೆ ಬರುವುದು ಗಾಜಿನ ಗುಣ. ರೆನೆಯ ಗಾಜಿನಲ್ಲಿ ಸೀಸದ ಅಂಶ ಕಡಿಮೆ. ಯುದ್ಧದ ನಂತರ ಮಗ ಮಾರ್ಕ್ ಸೀಸ ಹೆಚ್ಚಿರುವ ಹರಳುಗಾಜಿಗೆ ಬದಲಾಯಿಸಿದ. ಅದು ಹೆಚ್ಚು ಹೊಳಪು, ಹೆಚ್ಚು ಭಾರ. ಎರಡನ್ನೂ ಹತ್ತು ಸಲ ಎತ್ತಿ ನೋಡಿದ ಕೈಗೆ ಅದು ತಾನಾಗಿ ತಿಳಿಯುತ್ತದೆ.

ಲಾಲೀಕ್‌ನ ಹಾಲುಬಣ್ಣದ ಗಾಜಿನ ಬಗ್ಗೆ ಒಂದು ಮಾತು. ನೀರು ಬೆರೆಸಿದ ಹಾಲನ್ನು ಲೋಟದಲ್ಲಿ ಹಿಡಿದರೆ ನೀಲಿ ಛಾಯೆ ಕಾಣುತ್ತದಲ್ಲ, ಅದೇ ನೀಲಿ ಇದರಲ್ಲೂ ಇದೆ. ಬೆಳಕಿಗೆ ಅಡ್ಡ ಹಿಡಿದರೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಗಾಜು ತಣಿಯುವಾಗ ಒಳಗೆ ಹುಟ್ಟುವ ಅತಿಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ. ದಪ್ಪ ಇರುವಲ್ಲಿ ಹಾಲು ಹೆಚ್ಚು, ತೆಳುವಾದಲ್ಲಿ ತಿಳಿ. ಮೀನಿನ ಬೆನ್ನು ಬೆಳ್ಳಗೆ, ರೆಕ್ಕೆ ಪಾರದರ್ಶಕವಾಗಿ ಕಾಣುವುದು ಹೀಗೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ: ಸಾಬಿನೋ, ಎಟ್ಲಿಂಗ್, ವೆರ್ಲಿಸ್ ಎಂಬ ಹೆಸರಿನವರೂ ಅದೇ ಕಾಲದಲ್ಲಿ ಇಂಥ ಗಾಜು ಮಾಡಿದರು. ಅವು ನಕಲಿಗಳಲ್ಲ, ಬೇರೆ ಮನೆಯವು. ಅವರ ಹೆಸರನ್ನು ಅಳಿಸಿ ಲಾಲೀಕ್ ಬರೆದರೆ ಮಾತ್ರ ನಕಲಿ. ತಿಳಿಗಾಜಿನ ಹಳೆಯ ಲಾಲೀಕ್ ನೇರಳೆಗೆ ತಿರುಗಿದ್ದು ಕಂಡರೆ ದೂರವಿರಿ. ವಿಕಿರಣ ಹಾಯಿಸಿ ಆ ಬಣ್ಣ ಬರಿಸಿ ‘ಅಪರೂಪದ ಛಾಯೆ’ ಎಂದು ಮಾರುವ ಚಾಳಿಯಿದೆ.

ಉಳಿದ ಮನೆಗಳು

ಶ್ನೈಡರ್ ಸಹೋದರರು ಡೋಮ್‌ನಲ್ಲಿ ದುಡಿದು ಹೊರಬಂದು ಪ್ಯಾರಿಸ್ ಬಳಿಯ ಎಪಿನೇ-ಸುರ್-ಸೇನ್‌ನಲ್ಲಿ ಸ್ವಂತ ಕುಲುಮೆ ಹೂಡಿದರು. ಅವರ ‘ಲ ವೇರ್ ಫ್ರಾನ್ಸೇ’ ಸಾಲಿನ ಹಲವು ಹೂದಾನಿಗಳು ಉರಿಯುವ ಕಿತ್ತಳೆ ಬಣ್ಣದವು. ಹೂವು, ಜೀರುಂಡೆಗಳು ರಂಗೋಲಿಯಷ್ಟು ಸರಳ. ಕೆಲವದರಲ್ಲಿ ಸಹಿಯ ಬದಲು ತಳದಲ್ಲಿ ಬಣ್ಣದ ಪಟ್ಟೆಗಳ ಗಾಜಿನ ಕಡ್ಡಿಯ ತುಂಡನ್ನು, ಮಿಠಾಯಿ ಚೂರಿನಂತೆ, ಹುದುಗಿಸಿರುತ್ತಾರೆ. ಬಿಸಿಯಿದ್ದಾಗಲೇ ಸೇರಿಸಿದ್ದರಿಂದ ಅದನ್ನು ಆಮೇಲೆ ಇಡುವುದು ಸುಲಭವಲ್ಲ. ದೊಡ್ಡ ಗಾತ್ರ, ಕೈಗೆಟುಕುವ ಬೆಲೆ, ಕಣ್ಣಿಗೆ ತಿಳಿಯುವ ಗುರುತು. ನನ್ನನ್ನು ಕೇಳಿದರೆ ಮೊದಲ ಹೂದಾನಿ ಇದು, ಮೊದಲ ಬಟ್ಟಲು ಲಾಲೀಕ್.

ಸೇಂಟ್-ಡೆನಿಯ ಲೆಗ್ರಾ, ಲೂನೆವೀಲ್‌ನ ಮ್ಯುಲೆರ್ ಸಹೋದರರು ಎರಡನೇ ಸಾಲಿನ ಹೆಸರುಗಳು. ಆದರೂ ಎರಡನೇ ಸಾಲಿನವರ ಒಳ್ಳೆಯ ಕೆಲಸ ಮೊದಲ ಸಾಲಿನವರ ಅವಸರದ ಕೆಲಸಕ್ಕಿಂತ ಯಾವಾಗಲೂ ಮೇಲು.

ಪಾತ್ ದ ವೇರ್, ಅಂದರೆ ಗಾಜಿನ ಹಿಟ್ಟಿನ ಕೆಲಸ, ಬೇರೆಯೇ ಲೋಕ. ಗಾಜನ್ನು ಪುಡಿ ಮಾಡಿ, ಕಲಸಿ, ಅಚ್ಚಿಗೆ ತುಂಬಿ ಸುಡುತ್ತಾರೆ. ಮೇಣದಂಥ, ಬೆಲ್ಲದ ಅಚ್ಚಿನಂಥ ಮೈ ಬರುತ್ತದೆ. ಡೋಮ್‌ನಲ್ಲಿದ್ದು ಆಮೇಲೆ ಸ್ವಂತ ಕಾರ್ಯಾಗಾರ ತೆರೆದ ಆಮಾಲ್ರಿಕ್ ವಾಲ್ಟೆರ್‌ನ ಪುಟ್ಟ ತಟ್ಟೆಗಳ ಮೇಲೆ ಹಲ್ಲಿ, ಏಡಿ, ದುಂಬಿಗಳು ನಿಜವಾಗಿ ಬಂದು ಕುಳಿತಂತಿರುತ್ತವೆ. ಗಾಬ್ರಿಯೆಲ್ ಆರ್ಜಿ-ರೂಸೋ, ಕೋಂಶ್ ಊರಿನ ಫ್ರಾಂಸ್ವಾ ದೆಕೋರ್ಶ್‌ಮೋಂ ಇದೇ ದಾರಿಯವರು. ಮಬ್ಬು ಮೈಯಲ್ಲಿ ರಾಳದ ತೇಪೆ ಬರಿಗಣ್ಣಿಗೆ ಕಾಣುವುದಿಲ್ಲ. ನೇರಳಾತೀತ ಟಾರ್ಚಿನ ಕೆಳಗೆ ತೇಪೆ ಬೇರೆಯಾಗಿ ಹೊಳೆಯುವುದುಂಟು. ಬೆಲೆಯೂ ಹೆಚ್ಚು. ನಾಲ್ಕಾರು ವರ್ಷ ಕಾಯಿರಿ.

ಕೊಳ್ಳುವ ಮೊದಲು ಬೆರಳು ಹೇಳುವುದು

ಯಾವ ಮನೆಯದಾದರೂ ನಾನು ಸಹಿಯನ್ನು ಕೊನೆಗೆ ನೋಡುತ್ತೇನೆ. ಮೊದಲು ತಳ: ನೂರು ವರ್ಷ ಕಪಾಟಿನ ಮೇಲೆ ಸರಿದಾಡಿದ ಗಾಜಿಗೆ ನೆಲ ತಾಗುವ ಅಂಚಿನಲ್ಲಿ ಎತ್ತೆತ್ತಲೋ ಹರಿದ ಗೀರುಗಳಿರುತ್ತವೆ. ಎಲ್ಲ ಗೀರುಗಳೂ ಒಂದೇ ದಿಕ್ಕಿಗಿದ್ದರೆ ಅದು ಉಪ್ಪುಕಾಗದದ ವಯಸ್ಸು. ಆಮೇಲೆ ಬಾಯಿ: ಕಣ್ಣು ಮುಚ್ಚಿ ಅಂಚಿನ ಸುತ್ತ ಬೆರಳಾಡಿಸಿದರೆ ಸಾಣೆ ಹಿಡಿದ ಕಡೆ ಚಪ್ಪಟೆ ತಿಳಿಯುತ್ತದೆ. ಚಿತ್ರದ ತುದಿ ಬಾಯಂಚಿನಲ್ಲಿ ಅರ್ಧಕ್ಕೆ ಕತ್ತರಿಸಿ ಹೋಗಿದ್ದರೆ ಕಂಠವನ್ನೇ ಕೊಯ್ದಿದ್ದಾರೆ. ತಳದ ನಡುವೆ ದುಂಡು ತೂತಿದ್ದರೆ ಒಂದು ಕಾಲದಲ್ಲಿ ಅದನ್ನು ದೀಪದ ಕಂಬ ಮಾಡಿದ್ದಾರೆ. ಇವೆಲ್ಲ ಮುಗಿದ ಮೇಲೆ ಸಹಿ, ಅದಕ್ಕಿಂತ ಮುಖ್ಯವಾಗಿ ಸಹಿಯ ಸುತ್ತಮುತ್ತಲಿನ ಮೈ.

ಫ್ರಾನ್ಸಿನ ಹರಾಜಿನಲ್ಲಿ ಕೊಳ್ಳುವವರಿಗೆ ಒಂದು ಆಸರೆಯಿದೆ. 1981ರ ಮಾರ್ಚ್ 3ರ ಸರ್ಕಾರಿ ಆದೇಶದ ಪ್ರಕಾರ ವಿವರಣೆಯ ಪದಗಳಿಗೆ ಕಾನೂನಿನ ತೂಕವಿದೆ. ಕಲಾವಿದನ ಹೆಸರನ್ನು ನೇರವಾಗಿ ಕೊಟ್ಟಿದ್ದರೆ ಮಾರುವವರು ಹೊಣೆ ಹೊತ್ತಂತೆ. ‘ಅವನದೆಂದು ಹೇಳಲಾದ’ ಎಂಬುದು ಗಂಭೀರ ಊಹೆ ಮಾತ್ರ. ‘ಅವನ ಶೈಲಿಯ’, ‘ಅವನ ರೀತಿಯ’ ಎಂದಿದ್ದರೆ ಯಾವ ಖಾತರಿಯೂ ಇಲ್ಲ. ನನ್ನ ಸಂತೆಯ ಖರೀದಿಗೆ ರಸೀದಿಯೇ ಇರಲಿಲ್ಲ, ಇನ್ನು ಪದ ಎಲ್ಲಿಂದ ಬರಬೇಕು. ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್, ಸಾಗಣೆ, ವಿಮೆ, ಸುಂಕ ಸೇರಿ ಎಷ್ಟಾಗುತ್ತದೆ ಎಂದು ಮೊದಲೇ ಕೂಡಿಸಿ ನೋಡಿ.

ಭಾರತಕ್ಕೆ ತರುವಾಗ ವಯಸ್ಸಿಗೆ ಇನ್ನೊಂದು ಅರ್ಥ ಬರುತ್ತದೆ. ಸುಂಕದ ಪಟ್ಟಿಯಲ್ಲಿ 9706 ಎಂಬ ಶೀರ್ಷಿಕೆ ನೂರು ವರ್ಷ ದಾಟಿದ ಪುರಾತನ ವಸ್ತುಗಳದು. 1905ರ ಡೋಮ್ ಅಲ್ಲಿಗೆ ಸೇರಬಹುದು, 1930ರ ಲಾಲೀಕ್ ಬರೀ ಗಾಜಿನ ಸಾಮಾನು. ಇನ್ನೊಂದು ಕಡೆ, 1972ರ ಪ್ರಾಚೀನ ವಸ್ತುಗಳ ಕಾಯಿದೆ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವುದನ್ನು ತಡೆಯುತ್ತದೆ. ಮುಂದೆ ಪ್ಯಾರಿಸ್‌ನಲ್ಲಿ ಮಾರುತ್ತೇನೆ ಎಂಬ ಲೆಕ್ಕವಿದ್ದರೆ ತಂದಾಗಿನ ಕಸ್ಟಮ್ಸ್ ಕಾಗದ, ರಸೀದಿ ಜೋಪಾನವಾಗಿರಲಿ; ಕಳುಹಿಸುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿ.

ಇಲ್ಲೇ ಕೊಳ್ಳುವುದಾದರೆ ‘ಮೈಸೂರು ಅರಮನೆಯ ಮಾಲು’ ಎಂಬ ಕಥೆಯನ್ನು ಬೆಲೆಯೊಳಗೆ ಸೇರಿಸಬೇಡಿ. ಆ ಅರಮನೆಯ ಕಲ್ಯಾಣಮಂಟಪದ ನವಿಲಿನ ಗಾಜಿನ ಸೂರು ಬಂದದ್ದೇ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ಅರಮನೆಯಲ್ಲಿ ಯುರೋಪಿನ ಗಾಜಿತ್ತು ಎಂದರೆ ಅದು ಫ್ರಾನ್ಸಿನದೇ ಆಗಬೇಕಿಲ್ಲ. ದುಡ್ಡು ಹಾಕುವ ಮೊದಲು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಯುರೋಪಿನ ಗಾಜಿನ ಕೋಣೆಯಲ್ಲಿ ಅರ್ಧ ದಿನ ಕಳೆಯಿರಿ. ಫ್ರಾನ್ಸಿಗೆ ಹೋಗುವ ಯೋಗವಿದ್ದರೆ ನಾನ್ಸಿಯ ಲಲಿತಕಲಾ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ, ಹಳೆಯ ಕೋಟೆಗೋಡೆಗಳ ನಡುವೆ ಡೋಮ್ ಗಾಜು ಸಾಲಾಗಿ ನಿಂತಿದೆ. ವಿಂಗೆನ್‌ನಲ್ಲಿ 2011ರಿಂದ ಲಾಲೀಕ್‌ಗೇ ಒಂದು ಸಂಗ್ರಹಾಲಯವಿದೆ.

ಕೊಂಡ ಮೇಲೆ ಹೂದಾನಿಗೆ ನೀರು ಹಾಕಬೇಡಿ. ನಮ್ಮ ಬೋರ್‌ವೆಲ್ ನೀರು ಒಳಮೈಯಲ್ಲಿ ಬಿಡುವ ಬಿಳಿ ಕರೆ ಒಂದು ಸಲ ಕೂತರೆ ಏಳುವುದಿಲ್ಲ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಸೇವಂತಿಗೆ ಇಡುವುದು ಆ ರುಮೇನಿಯಾದ ಗಾಲೆಯಲ್ಲಿ ಮಾತ್ರ.